ಆಲಿವ್ ಕಾಯಿ ನಮ್ಮ ಅಡಿಗೆಮನೆಗೆ ಬೇಕೆ?

ಸೋದರಿಯರೇ, ಈಚೆಗೆ ನಮ್ಮ ಕಡೆಯ ಮದುವೆ ಮನೆಗಳಲ್ಲಿ ಒಂದು ಹೊಸ ಕಾಯಿ ಕಾಣಿಸಿಕೊಳ್ಳುತ್ತಿದೆ, ಗಮನಿಸಿದ್ದೀರಾ? ಬಾಳೆಎಲೆಯ ಪಂಕ್ತಿಯಲ್ಲಲ್ಲ. ನಿಂತುಕೊಂಡು ತಿನ್ನುವವರಿಗೆಂದು ಪಕ್ಕದಲ್ಲಿ ಸಲಾಡ್ ಮೇಜು ಅಂತ ಇಟ್ಟಿರುತ್ತಾರಲ್ಲ, ಅದರ ಮೇಲೆ. ಸೌತೆಕಾಯಿ, ಕ್ಯಾರೆಟ್ಟಿನ ಮಧ್ಯೆ ಕಪ್ಪಗೆ, ದುಂಡಗೆ, ನಡುವೆ ತೂತಿರುವ ಬಿಲ್ಲೆಗಳು. ಚಿಕ್ಕಬಳ್ಳಾಪುರದ ಮಕ್ಕಳಿಗೆ ಕಪ್ಪಗೆ ದುಂಡಗೆ ಇದ್ದದ್ದೆಲ್ಲ ದ್ರಾಕ್ಷಿಯೇ. ಆಸೆಯಿಂದ ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ, ಅಮ್ಮನ ಸೆರಗು ಹುಡುಕುತ್ತವೆ! ಅದೇ ಆಲಿವ್ ಕಾಯಿ.

ಮಕ್ಕಳು ಉಗಿದರೂ ದೊಡ್ಡವರು ಬಿಡುತ್ತಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳು ಶನಿವಾರ ಊರಿಗೆ ಬರುವಾಗ ಒಂದು ಸೀಸೆ ಆಲಿವ್ ಕಾಯಿ, ಒಂದು ಸೀಸೆ ಆಲಿವ್ ಎಣ್ಣೆ ತಂದಿಟ್ಟು, "ಅಮ್ಮ, ಇನ್ಮೇಲೆ ಇದನ್ನೇ ಬಳಸು, ಅಪ್ಪನ ಹಾರ್ಟಿಗೆ ಒಳ್ಳೇದು" ಅಂತ ಹೇಳಿ ಹೋಗುತ್ತಾರೆ. ನಮ್ಮ ಬಿ.ಬಿ. ರಸ್ತೆಯ ಅಂಗಡಿಗಳಲ್ಲೂ ಈಗ ಸಿಗುತ್ತದೆ. ಬೆಲೆ ಕೇಳಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಹೃದಯಕ್ಕೆ ಒಳ್ಳೆಯದೆಂದು ಕೊಂಡ ವಸ್ತು ಕೊಳ್ಳುವಾಗಲೇ ಎದೆ ನೋಯಿಸಿದರೆ ಹೇಗೆ? ಅದಕ್ಕೇ ಇದರ ಗುಣವೇನು, ದೋಷವೇನು, ಅದೇ ಗುಣ ನಮ್ಮ ಸಂತೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಯೋ ಎಂದು ವಿಚಾರ ಮಾಡಿ ಈ ಲೇಖನ ಬರೆಯುತ್ತಿದ್ದೇನೆ.

ಆಲಿವ್ ತೀರಾ ಅಪರಿಚಿತವೇನಲ್ಲ. ಕನ್ನಡ ಬೈಬಲಿನಲ್ಲಿ ಇದನ್ನು ಎಣ್ಣೆಮರ ಎಂದು ಕರೆದಿದ್ದಾರೆ. ಖುರಾನಿನಲ್ಲೂ ಇದರ ಹೆಸರಿದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳ ಮುಸಲ್ಮಾನ ಸೋದರಿಯರನ್ನು ಕೇಳಿ ನೋಡಿ, "ಜೈತೂನ್ ಎಣ್ಣೆ ತಾನೇ ಅಕ್ಕ?" ಎನ್ನುತ್ತಾರೆ. ಎಳೆ ಮಗುವಿಗೆ ಮೈ ತೀಡಲು ಔಷಧಿ ಅಂಗಡಿಯಿಂದ ಸಣ್ಣ ಡಬ್ಬಿ ತರುವ ರೂಢಿ ಬಹಳ ಮನೆಗಳಲ್ಲಿತ್ತು, ಈಗಲೂ ಇದೆ. (ಡಬ್ಬಿಯ ಮೇಲೆ ಹೊರಬಳಕೆಗೆ ಮಾತ್ರ ಎಂದಿದ್ದರೆ ಅದನ್ನು ಅಡಿಗೆಗೆ ಹಾಕಬಾರದು. ಇನ್ನು ಮಗುವಿನ ಮೈಗೆ ಕೇಳಿದರೆ, ನಮ್ಮ ಕೊಬ್ಬರಿ ಎಣ್ಣೆಯೇ ಲೇಸು.)

ಇನ್ನೊಂದು ಸ್ವಾರಸ್ಯ ಕೇಳಿ. ನಾವು ದಿನವೂ ಮುಡಿಯುವ ಮಲ್ಲಿಗೆ, ದೇವರಿಗೆ ಆರಿಸುವ ಪಾರಿಜಾತ, ಈ ಆಲಿವ್, ಮೂರೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಟುಂಬದವು. ನಮಗೆ ಹೂವಿನ ಕಡೆಯ ನೆಂಟಸ್ತಿಕೆ ಬಂತು, ಸ್ಪೇನ್, ಇಟಲಿ, ಗ್ರೀಸ್ ದೇಶದವರಿಗೆ ಎಣ್ಣೆಯ ಕಡೆಯದು!

ನಮ್ಮ ದೇಶದಲ್ಲೂ ಬೆಳೆಯುತ್ತಾರೆ. ರಾಜಸ್ಥಾನದವರು 2007ರಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಕಟ್ಟಿ, ಇಸ್ರೇಲಿನಿಂದ ಸಸಿ ತರಿಸಿ ನೆಟ್ಟರು. 2014ರಲ್ಲಿ ಬಿಕಾನೇರ್ ಜಿಲ್ಲೆಯ ಲೂಣಕರಣಸರದಲ್ಲಿ ಎಣ್ಣೆ ತೆಗೆಯುವ ಕಾರ್ಖಾನೆಯೂ ಆಯಿತು. ನೀರು ಕಡಿಮೆ ಕೇಳುವ ಮರವಾದ್ದರಿಂದ ನಮ್ಮ ಬರಡು ಜಿಲ್ಲೆಗೂ ಆದೀತಲ್ಲ ಎಂದು ನಮ್ಮ ಯಜಮಾನರು ಉತ್ಸಾಹದಿಂದ ಹೇಳಿದರು. ಆದರೆ ಹೂ ಬಿಡಲು ಅದಕ್ಕೆ ಕೊರೆಯುವ ಚಳಿ ಬೇಕು. ನಮ್ಮ ನಂದಿಬೆಟ್ಟದ ತಪ್ಪಲಿನ ಚಳಿ ಸಾಲದು.

ಗುಣವೇನು?

ಮರದಿಂದ ಕಿತ್ತ ಆಲಿವ್ ಕಾಯನ್ನು ಹಾಗೇ ತಿನ್ನಲಾಗುವುದಿಲ್ಲ. ವಿಪರೀತ ಕಹಿ. ನಾವು ನೆಲ್ಲಿಕಾಯಿ, ಮಾವಿನ ಮಿಡಿಯನ್ನು ಹಾಕಿಡುವಂತೆ ಅವರು ಇದನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ನೆನೆಸಿ ಕಹಿ ಬಿಡಿಸುತ್ತಾರೆ. ಹಸಿರು ಬಣ್ಣದ್ದು ಬಲಿತ ಕಾಯಿ, ಕಪ್ಪು ಬಣ್ಣದ್ದು ಹಣ್ಣು. ಒಂದೇ ಮರದ್ದು. ಡಬ್ಬಿಯಲ್ಲಿ ಬರುವ ಅಚ್ಚ ಕಪ್ಪು ಬಿಲ್ಲೆಗಳ ಕಥೆ ಬೇರೆ. ಕಾಯನ್ನೇ ಕ್ಷಾರದ ನೀರು, ಗಾಳಿ ಹಾಯಿಸಿ ಕಪ್ಪು ಮಾಡಿ, ಆ ಬಣ್ಣ ನಿಲ್ಲಲು ಕಬ್ಬಿಣದ ಲವಣ ಸೇರಿಸಿರುತ್ತಾರೆ. ತೊಂದರೆ ಏನಿಲ್ಲ. ಆದರೆ ಕಪ್ಪಗಿದೆ, ಆದ್ದರಿಂದ ಚೆನ್ನಾಗಿ ಹಣ್ಣಾಗಿದೆ ಅಂತ ತಿಳಿಯಬೇಡಿ.

ಬೇರೆ ಹಣ್ಣುಗಳಲ್ಲಿ ಸಕ್ಕರೆ ಇರುತ್ತದೆ, ಇದರಲ್ಲಿ ಜಿಡ್ಡು ಇರುತ್ತದೆ. ನೂರು ಗ್ರಾಮಿನಲ್ಲಿ ಸುಮಾರು 11ರಿಂದ 15 ಗ್ರಾಮು. ಸಸಾರಜನಕ ಒಂದು ಗ್ರಾಮಿನಷ್ಟೆ, ನಾರು ಮೂರು ಗ್ರಾಮು, ಜೊತೆಗೆ ಸ್ವಲ್ಪ 'ಇ' ಜೀವಸತ್ವ. ಈ ಜಿಡ್ಡಿನ ಬಹುಭಾಗ ಒಲೀಕ್ ಆಮ್ಲ ಎಂಬ ಜಾತಿಯದು. ಬೆಣ್ಣೆ, ಡಾಲ್ಡಾಗಳಲ್ಲಿರುವ ಗಟ್ಟಿ ಕೊಬ್ಬಿಗೆ ಬದಲಾಗಿ ಈ ಜಾತಿಯ ಜಿಡ್ಡನ್ನು ತಿಂದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ತಗ್ಗುತ್ತದೆ. ಬದಲಾಗಿ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ವಡೆ, ಬೋಂಡ ಎಂದಿನಂತೆ ತಿಂದು, ಮೇಲೆ ನಾಲ್ಕು ಆಲಿವ್ ನುಂಗಿದರೆ ಹೃದಯಕ್ಕೇನೂ ಉಪಕಾರವಾಗದು. ಹೊಟ್ಟೆಗೆ ಇನ್ನಷ್ಟು ಜಿಡ್ಡು ಹೋಯಿತು, ಅಷ್ಟೆ.

ಇದಕ್ಕೆ ಇಷ್ಟು ಹೆಸರು ಬಂದದ್ದಕ್ಕೆ ಕಾರಣವಿದೆ. 1958ರಲ್ಲಿ ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿ ಏಳು ದೇಶಗಳಲ್ಲಿ ಆಹಾರ, ಹೃದ್ರೋಗಗಳ ಅಭ್ಯಾಸ ಶುರು ಮಾಡಿದ. ಗ್ರೀಸಿನ ಕ್ರೀಟ್ ದ್ವೀಪದ ಹಳ್ಳಿ ಗಂಡಸರಿಗೆ ಹೃದಯದ ಕಾಯಿಲೆ ತೀರ ಕಡಿಮೆ ಎಂದು ಕಂಡಿತು. ಅವರ ಅಡಿಗೆಗೆಲ್ಲ ಆಲಿವ್ ಎಣ್ಣೆಯೇ. ಆಮೇಲೆ ಸ್ಪೇನಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು ಐದು ವರ್ಷ ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದರು. ಪರೀಕ್ಷೆ ನಡೆಸಿದ ರೀತಿಯಲ್ಲಿ ಕುಂದು ಕಂಡದ್ದರಿಂದ ಅದನ್ನು ಹಿಂತೆಗೆದುಕೊಂಡು, ಲೆಕ್ಕ ತಿದ್ದಿ 2018ರಲ್ಲಿ ಮತ್ತೆ ಪ್ರಕಟಿಸಿದರು. ಫಲಿತಾಂಶ ಹೆಚ್ಚುಕಡಿಮೆ ಹಾಗೇ ಉಳಿಯಿತು. ಆಲಿವ್ ಎಣ್ಣೆ ಬಳಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ನೂರಕ್ಕೆ ಮೂವತ್ತರಷ್ಟು ಕಡಿಮೆ. ಆದರೆ ಪೇಟೆಯವರು ನಮಗೆ ಹೇಳದ ವಿಷಯ ಒಂದಿದೆ. ಅದೇ ಪರೀಕ್ಷೆಯಲ್ಲಿ ಇನ್ನೊಂದು ಗುಂಪಿಗೆ ಆಲಿವ್ ಎಣ್ಣೆಗೆ ಬದಲು ದಿನಕ್ಕೆ 30 ಗ್ರಾಮು ಬೀಜಗಳನ್ನು ಕೊಟ್ಟಿದ್ದರು. ಆಕ್ರೋಟು, ಬಾದಾಮಿ, ಹೇಜಲ್ ಬೀಜ. ಅವರಿಗೂ ಹೆಚ್ಚುಕಡಿಮೆ ಅಷ್ಟೇ ಪ್ರಯೋಜನವಾಯಿತು!

ಕ್ರೀಟಿನ ಆ ಜನ ಬೇಳೆಕಾಳು, ಸೊಪ್ಪುಸದೆ ಬೇಕಾದಷ್ಟು ತಿನ್ನುತ್ತಿದ್ದರು, ಗುಡ್ಡ ಹತ್ತಿಳಿದು ದುಡಿಯುತ್ತಿದ್ದರು. ಮುದ್ದೆ, ಬಸ್ಸಾರು ಉಂಡು ಹೊಲಕ್ಕೆ ಹೋಗುತ್ತಿದ್ದ ನಮ್ಮ ಅಜ್ಜಂದಿರ ಬದುಕು ಇದಕ್ಕಿಂತ ಬಹಳ ಬೇರೆಯಾಗಿತ್ತೆ? ಯೋಚಿಸಿ.

ಉಪ್ಪಿನ ಮಾತು

ಈಗ ದೋಷದ ಕಡೆ ಬರೋಣ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಗೌರಿಬಿದನೂರಿನಲ್ಲಿರುವ ನನ್ನ ಓರಗಿತ್ತಿಯ ಮನೆಯ ಸಮಾಚಾರ. ನಮ್ಮ ಭಾವನವರಿಗೆ ಐದಾರು ವರ್ಷದಿಂದ ರಕ್ತದೊತ್ತಡ. ಉಪ್ಪಿನಕಾಯಿ, ಹಪ್ಪಳ ಬಿಡಬೇಕೆಂದು ಡಾಕ್ಟರು ಹೇಳಿದ್ದರು. ಹಠದಿಂದ ಬಿಟ್ಟಿದ್ದರು ಪಾಪ. ಮಗಳು ಬೆಂಗಳೂರಿನಿಂದ ಹಸಿರು ಆಲಿವ್ ತಂದುಕೊಟ್ಟಳು. ಬಾಯಿಗೆ ಉಪ್ಪುಪ್ಪಾಗಿ ಏನೋ ಸಿಕ್ಕಿತಲ್ಲ, ಭಾವನವರಿಗೆ ಬಹಳ ಹಿಡಿಸಿತು. ರಾತ್ರಿ ಊಟದ ಜೊತೆ ಹತ್ತು ಹದಿನೈದು ಕಾಯಿ, ಮೊಸರನ್ನಕ್ಕೆ ಅದೇ ಸೀಸೆಯ ನೀರು ಒಂದೆರಡು ಚಮಚ. ಹೃದಯಕ್ಕೆ ಒಳ್ಳೆಯದೆಂಬ ಧೈರ್ಯ ಬೇರೆ. ಎರಡು ತಿಂಗಳಾದ ಮೇಲೆ ಒತ್ತಡ ನೋಡಿಸಿದರೆ ಹಿಂದೆಂದೂ ಇಲ್ಲದಷ್ಟು ಏರಿತ್ತು. ಮಾತ್ರೆ ಹೆಚ್ಚಿಸುವ ಮುಂಚೆ ಡಾಕ್ಟರು, "ಏನೇನು ತಿಂತೀರಿ, ಒಂದೊಂದೇ ಹೇಳಿ" ಎಂದು ಕೂರಿಸಿ ಕೇಳಿದರಂತೆ. ಆಲಿವ್ ಎಂದ ಕೂಡಲೆ, "ಊರಿನ ಉಪ್ಪಿನಕಾಯಿ ಬಿಟ್ಟು ಪರದೇಶದ ಉಪ್ಪಿನಕಾಯಿ ಹಿಡಿದಿದ್ದೀರಲ್ಲ ಸ್ವಾಮಿ!" ಎಂದರಂತೆ.

ಲೆಕ್ಕ ನೋಡಿ. ಸೀಸೆಯ ಹಸಿರು ಆಲಿವ್ ನೂರು ಗ್ರಾಮಿಗೆ ಸೋಡಿಯಂ ಸುಮಾರು ಒಂದೂವರೆ ಗ್ರಾಮು ಇರುವುದುಂಟು. ಡಬ್ಬಿಯ ಕಪ್ಪಿನಲ್ಲಿ ಅದರ ಅರ್ಧದಷ್ಟು. ಸೋಡಿಯಂ ಎಷ್ಟೆಂದು ಚೀಟಿಯಲ್ಲಿ ಬರೆದಿರುತ್ತಾರೋ ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ಅಂದರೆ ಹತ್ತು ಹಸಿರು ಕಾಯಿ ತಿಂದರೆ ಒಂದು ಗ್ರಾಮಿಗೂ ಮಿಕ್ಕಿ ಉಪ್ಪು ಹೊಟ್ಟೆ ಸೇರಿತು. ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ, ಅಂದರೆ ಒಂದು ಸಣ್ಣ ಚಮಚಕ್ಕಿಂತ, ಕಡಿಮೆ ಉಪ್ಪು ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರು, ಪಲ್ಯ, ಮಜ್ಜಿಗೆಯ ಉಪ್ಪೆಲ್ಲ ಅದರೊಳಗೇ ಬರಬೇಕು.

ಆದುದರಿಂದ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದನ್ನು ತಿನ್ನಕೂಡದು. ಉಳಿದವರು ತಿನ್ನುವುದಾದರೆ ಸೀಸೆಯ ನೀರು ಚೆಲ್ಲಿ, ಕಾಯನ್ನು ತೊಳೆದು, ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಹಾಕಿ, ಆ ನೀರನ್ನೂ ಚೆಲ್ಲಿ. ಉಪ್ಪು ಪೂರ್ತಿ ಹೋಗದು, ಸ್ವಲ್ಪ ತಗ್ಗುತ್ತದೆ. ದಿನಕ್ಕೆ ನಾಲ್ಕೈದು ಕಾಯಿ ಸಾಕು. ಚಿಕ್ಕ ಮಕ್ಕಳಿಗೆ ಬೀಜ ತೆಗೆಯದೆ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಂಡೀತು.

ನಮ್ಮ ಹೊಲದ ಆಲಿವ್

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಆಲಿವಿನ ಹೆಸರುವಾಸಿಯಾದ ಆ ಒಲೀಕ್ ಆಮ್ಲ ಆಲಿವಿನ ಸ್ವಂತ ಆಸ್ತಿಯೇನಲ್ಲ. ಬಾಗೇಪಲ್ಲಿ, ಗೌರಿಬಿದನೂರು, ಚಿಂತಾಮಣಿ ಕಡೆ ಮಳೆ ನಂಬಿ ಬೆಳೆಯುತ್ತಾರಲ್ಲ, ಕಡಲೆಕಾಯಿ, ಅದರಲ್ಲಿಯೂ ಇದೆ. ಆಲಿವ್ ಎಣ್ಣೆಯಲ್ಲಿ ಈ ಆಮ್ಲ ನೂರಕ್ಕೆ 70ರ ಆಸುಪಾಸು. ನಮ್ಮ ಸಾಧಾರಣ ಕಡಲೆಕಾಯಿ ಎಣ್ಣೆಯಲ್ಲಿ 40ರಿಂದ 50. ಕಡಿಮೆಯೇ, ಒಪ್ಪಿದೆ. ಆದರೆ ಒಂದು ಲೀಟರು ಆಲಿವ್ ಎಣ್ಣೆಯ ದುಡ್ಡಿಗೆ ಕಡಲೆಕಾಯಿ ಎಣ್ಣೆ ನಾಲ್ಕೈದು ಲೀಟರು ಬರುತ್ತದೆ. ಕಾಯಿಗೆ ಕಾಯಿ ಹೋಲಿಸಿದರೆ ಆಲಿವ್ ಹತ್ತಿರಕ್ಕೂ ಬಾರದು. ನೂರು ಗ್ರಾಮು ಕಡಲೇಬೀಜದಲ್ಲಿ ಸಸಾರಜನಕವೇ 25 ಗ್ರಾಮು. 'ಇ' ಜೀವಸತ್ವವೂ ಆಲಿವಿಗಿಂತ ಹೆಚ್ಚು. ನಾವಾಗಿ ಹಾಕದಿದ್ದರೆ ಉಪ್ಪು ಇಲ್ಲವೇ ಇಲ್ಲ.

ಇಷ್ಟೇ ಅಲ್ಲ. ಗಿರ್ನಾರ್-4, ಗಿರ್ನಾರ್-5 ಎಂಬ ಹೊಸ ಕಡಲೆಕಾಯಿ ತಳಿಗಳನ್ನು ಜುನಾಗಢ ಮತ್ತು ಹೈದರಾಬಾದಿನ ವಿಜ್ಞಾನಿಗಳು ಸೇರಿ ಹೊರತಂದಿದ್ದಾರೆ. 2020ರಲ್ಲಿ ದೇಶಕ್ಕೆ ಅರ್ಪಿಸಿದ 17 ಪೌಷ್ಟಿಕ ತಳಿಗಳಲ್ಲಿ ಇವೆರಡೂ ಸೇರಿವೆ. ಇವುಗಳ ಎಣ್ಣೆಯಲ್ಲಿ ಒಲೀಕ್ ಆಮ್ಲ ನೂರಕ್ಕೆ 80ರ ಹತ್ತಿರ, ಆಲಿವನ್ನೂ ಮೀರಿಸಿದ್ದು! ಹೊಲವಿರುವ ಸೋದರಿಯರು ಚಿಂತಾಮಣಿಯ ಕುರುಬೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ಬಗ್ಗೆ ವಿಚಾರಿಸಬಹುದು.

ಆದರೆ ನಾವು ಮಾಡುತ್ತಿರುವುದೇನು? ಕಡಲೆಕಾಯಿ ಮಾರಿ ಬಂದ ದುಡ್ಡಿನಲ್ಲಿ ತಾಳೆ ಎಣ್ಣೆಯ ಪ್ಯಾಕೆಟ್ಟು ತರುತ್ತೇವೆ. ತಾಳೆ ಎಣ್ಣೆಯಲ್ಲಿ ಗಟ್ಟಿ ಕೊಬ್ಬು ಹೆಚ್ಚುಕಡಿಮೆ ಅರ್ಧದಷ್ಟು. ಕಡಲೆಕಾಯಿ ಎಣ್ಣೆಯಲ್ಲಿ ಐದನೇ ಒಂದು ಪಾಲಿಗೂ ಒಳಗೆ. ಅಗ್ಗವೆಂದು ತಾಳೆ ಎಣ್ಣೆಯಲ್ಲಿ ಕರಿದು, ಪ್ರಾಯಶ್ಚಿತ್ತಕ್ಕೆಂದು ಆಲಿವ್ ಸೀಸೆ ಕೊಳ್ಳುವುದು ನನಗಂತೂ ಸರಿಕಾಣದು.

ಯಾವುದೇ ಎಣ್ಣೆಯಾಗಲಿ, ಎಲ್ಲ ಸೇರಿ ತಲೆಗೆ ತಿಂಗಳಿಗೆ ಅರ್ಧ ಲೀಟರಿನೊಳಗೆ ಇರಬೇಕೆಂದು ಆಹಾರ ತಜ್ಞರು ಸಾಮಾನ್ಯವಾಗಿ ಹೇಳುವುದು. ನಾಲ್ಕು ಜನದ ಮನೆಗೆ ಎರಡು ಲೀಟರು. ಹಬ್ಬದ ತಿಂಗಳು ನಿಮ್ಮ ಮನೆಯ ಲೆಕ್ಕ ಎಷ್ಟಾಯಿತು, ಒಮ್ಮೆ ಬರೆದಿಟ್ಟು ನೋಡಿ.

ಕಡಲೆಕಾಯಿಯಲ್ಲೂ ಎಚ್ಚರ ಬೇಕು. ಬೂಷ್ಟು ಹಿಡಿದ, ಮುಗ್ಗಲು ವಾಸನೆಯ, ಸುಕ್ಕಾಗಿ ಬಣ್ಣ ಕೆಟ್ಟ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ. ಯಕೃತ್ತಿಗೆ ಬಹಳ ಕೆಟ್ಟದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ಚಟ್ನಿಗಾದರೆ ನಡೆಯುತ್ತೆ ಅಂತ ಅಂಥ ಬೀಜ ಕೂಡಿಡಬೇಡಿ. ಗಾಣದ ಎಣ್ಣೆ ತರುವವರು ಗಾಣಕ್ಕೆ ಹಾಕುವ ಬೀಜವನ್ನು ಕಣ್ಣಾರೆ ನೋಡಿ ತನ್ನಿ. ಸೋಸಿ ಶುದ್ಧಿ ಮಾಡದ ಎಣ್ಣೆಯಲ್ಲಿ ಬೀಜದ ವಿಷ ಉಳಿದುಕೊಳ್ಳುತ್ತದೆ. ಇನ್ನು ಕಡಲೇಬೀಜ ದಿನಕ್ಕೆ ಒಂದು ಹಿಡಿ, ಅಂದರೆ 30 ಗ್ರಾಮು ಸಾಕು. ಕೆಲವರಿಗೆ ಇದು ಒಗ್ಗುವುದಿಲ್ಲ, ಮೈ ದದ್ದು ಏಳುತ್ತದೆ, ಉಸಿರು ಕಟ್ಟುತ್ತದೆ. ಅಂಥವರು ಮುಟ್ಟಬಾರದು.

ರಾಗಿ ಹೊಲದ ಸಾಲುಗಳಲ್ಲಿ ಬರುವ ಹುಚ್ಚೆಳ್ಳನ್ನು ಆಲಿವಿಗೆ ಹೋಲಿಸಬಹುದೇ ಎಂದು ಕೇಳೀರಿ. ಹುಚ್ಚೆಳ್ಳಿನ ಜಿಡ್ಡು ಬೇರೆ ಜಾತಿಯದು, ಲಿನೋಲೀಕ್ ಆಮ್ಲ. ಅದೂ ದೇಹಕ್ಕೆ ಬೇಕಾದದ್ದೇ. ಮುದ್ದೆಯ ಜೊತೆ ಹುಚ್ಚೆಳ್ಳು ಚಟ್ನಿ ಬಿಡಬೇಡಿ.

ಹಣ್ಣೇ ಆಗಬೇಕು, ಜಿಡ್ಡೂ ಇರಬೇಕು ಎಂದರೆ ಆಲಿವಿನ ನಿಜವಾದ ಜೋಡಿ ಬೆಣ್ಣೆಹಣ್ಣು. ಜ್ಯೂಸ್ ಅಂಗಡಿಗಳಲ್ಲಿ ಬಟರ್ ಫ್ರೂಟ್ ಅನ್ನುತ್ತಾರಲ್ಲ, ಅದೇ. ನೂರು ಗ್ರಾಮಿನಲ್ಲಿ 15 ಗ್ರಾಮಿನಷ್ಟು ಜಿಡ್ಡು, ಬಹುಪಾಲು ಅದೇ ಒಲೀಕ್ ಆಮ್ಲ. ನಾರು ಆಲಿವಿನ ಎರಡರಷ್ಟು, ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೊದಲಿನಿಂದ ಬೆಳೆಯುತ್ತಿದ್ದಾರೆ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ಇದರ ಒಳ್ಳೆಯ ತಳಿಗಳ ಮೇಲೆ ಕೆಲಸ ನಡೆದಿದೆ. ಇದಕ್ಕೆ ಹಾಲು, ಎರಡು ಸೌಟು ಸಕ್ಕರೆ ಹಾಕಿ ಕುಡಿಯುವ ಅಭ್ಯಾಸ ಮಾತ್ರ ಸಕ್ಕರೆ ಕಾಯಿಲೆಯವರಿಗೆ ಆಗದು.

ಹಾಗಾದರೆ ಬಂದ ಸೀಸೆ?

ಮಕ್ಕಳು ಪ್ರೀತಿಯಿಂದ ತಂದದ್ದನ್ನು ಎಸೆಯಲಾದೀತೆ? ಆಲಿವ್ ಎಣ್ಣೆಯಲ್ಲಿ ಎಕ್ಸ್‌ಟ್ರಾ ವರ್ಜಿನ್ ಎಂದು ಬರೆದದ್ದು ಹಣ್ಣನ್ನು ಹಿಂಡಿ ಹಾಗೇ ತೆಗೆದ ಮೊದಲ ದರ್ಜೆಯದು. ಅದರಲ್ಲಿ ಪೂರಿ ಕರಿದು ಹಾಳುಮಾಡಬೇಡಿ. ಕೋಸಂಬರಿಗೆ ಮೇಲಿನಿಂದ ಒಂದು ಚಮಚ ಹಾಕಿ, ರೊಟ್ಟಿಗೆ ಸವರಿ. ಪೊಮೇಸ್ ಎಂದು ಬರೆದಿದ್ದರೆ ಅದು ಹಿಂಡಿಯಿಂದ ಎರಡನೇ ಸಲ ತೆಗೆದದ್ದು, ಗುಣ ಕಡಿಮೆ. ಸೀಸೆಯನ್ನು ಒಲೆಯ ಪಕ್ಕ, ಕಿಟಕಿಯ ಬಿಸಿಲಿಗೆ ಇಡಬಾರದು, ಬೇಗ ಕಮಟಾಗುತ್ತದೆ.

ಕಾಯಿಗೆ ನಮ್ಮ ಮನೆಯಲ್ಲಿ ಒಗ್ಗಿದ ಒಂದು ವಿಧಾನ ಕೊಡುತ್ತಿದ್ದೇನೆ. ಜೊತೆಗೆ ಬೆಣ್ಣೆಹಣ್ಣಿನ ಗೊಜ್ಜು.

ಆಲಿವ್ ಕೋಸಂಬರಿ: ಅರ್ಧ ಬಟ್ಟಲು ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ಬಸಿದಿಟ್ಟುಕೊಳ್ಳಿ. ಒಂದು ಎಳೆ ಸೌತೆಕಾಯಿ ಸಣ್ಣಗೆ ಹೆಚ್ಚಿ, ಒಂದು ಕ್ಯಾರೆಟ್ ತುರಿಯಿರಿ. ನೆನೆಸಿ ತೊಳೆದ ಎಂಟು ಆಲಿವ್ ಕಾಯಿಗಳ ಬೀಜ ತೆಗೆದು ಬಿಲ್ಲೆ ಮಾಡಿ. ಕೊತ್ತಂಬರಿ ಸೊಪ್ಪು, ಎರಡು ಚಮಚ ತೆಂಗಿನ ತುರಿ ಸೇರಿಸಿ ಅರ್ಧ ನಿಂಬೆಹಣ್ಣು ಹಿಂಡಿ. ಒಂದು ಚಮಚ ಕಡಲೆಕಾಯಿ ಎಣ್ಣೆಯಲ್ಲಿ ಸಾಸಿವೆ, ಇಂಗು, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಡಿ. ಉಪ್ಪು ಹಾಕಬೇಡಿ, ಆಲಿವಿನದೇ ಸಾಕು. ನಾಲ್ಕು ಜನಕ್ಕೆ ಆಗುತ್ತದೆ.

ಬೆಣ್ಣೆಹಣ್ಣಿನ ಗೊಜ್ಜು: ಬೆರಳಿಗೆ ಮೆತ್ತಗಾದ ಒಂದು ಹಣ್ಣನ್ನು ಸೀಳಿ, ಬೀಜ ತೆಗೆದು, ತಿರುಳನ್ನು ಚಮಚದಿಂದ ಕೆರೆದುಕೊಳ್ಳಿ. ಕೂಡಲೆ ಅರ್ಧ ನಿಂಬೆಹಣ್ಣು ಹಿಂಡಿ ಚೆನ್ನಾಗಿ ಕಿವುಚಿ. ಸಣ್ಣಗೆ ಹೆಚ್ಚಿದ ಒಂದು ಚಿಕ್ಕ ಈರುಳ್ಳಿ, ಒಂದು ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಚಿಟಿಕೆ ಉಪ್ಪು ಸೇರಿಸಿ. ಹುರಿದು ತರಿಯಾಗಿ ಕುಟ್ಟಿದ ಕಡಲೇಬೀಜ ಎರಡು ಚಮಚ ಮೇಲೆ ಉದುರಿಸಿದರೆ ಚಪಾತಿಗೂ ರಾಗಿರೊಟ್ಟಿಗೂ ಹೊಂದುತ್ತದೆ. ಹಣ್ಣು ಗಟ್ಟಿಯಾಗಿದ್ದರೆ ಅಕ್ಕಿ ಡಬ್ಬಿಯಲ್ಲಿ ಎರಡು ಮೂರು ದಿನ ಹುದುಗಿಸಿಡಿ. ಗೊಜ್ಜನ್ನು ಮಾಡಿದ ಹೊತ್ತಿಗೇ ಮುಗಿಸಬೇಕು, ಸಂಜೆಗಿಟ್ಟರೆ ಕಪ್ಪಾಗುತ್ತದೆ.